ನಲವತ್ತಮೂರು ಬಾಯಿ

ರಬ್ಬರ್ ಬ್ಯಾಂಡನ್ನು ಹಲ್ಲಲ್ಲಿ ಕಚ್ಚಿಕೊಳ್ಳಬೇಡ ಎಂದು ಕತಾಲ್‌ಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಡೆಯುತ್ತಿರಲಿಲ್ಲ. ಸಲಾಲ್ ಸೊಪ್ಪು ಕೀಳುವವರಿಗೆ ಎರಡು ಕೈ ಸಾಲುವುದಿಲ್ಲ. ಬಲಗೈ ಕಡ್ಡಿ ಮುರಿಯುತ್ತದೆ, ಎಡಗೈ ಹಿಡಿ ಕೂಡಿಸುತ್ತದೆ. ಹಿಡಿ ತುಂಬಿದ ತಕ್ಷಣ ಬ್ಯಾಂಡು ಬೇಕು. ಜೇಬಿಗೆ ಕೈ ಹಾಕಿದರೆ ಹೊತ್ತು ಹೋಗುತ್ತದೆ. ಆದ್ದರಿಂದ ಬ್ಯಾಂಡು ಹಲ್ಲಿನ ನಡುವೆ ಇರುತ್ತದೆ. ಒಂದಲ್ಲ, ಹತ್ತು, ಹದಿನೈದು. ಒದ್ದೆ ಎಲೆ ಮುಟ್ಟಿದ ಬೆರಳು ತುಟಿಗೆ ಹೋಗುತ್ತದೆ, ತುಟಿಯಿಂದ ಎಲೆಗೆ ಹೋಗುತ್ತದೆ. ಬೆಳಗಿನ ಆರರಿಂದ ಮಧ್ಯಾಹ್ನ ಮೂರರವರೆಗೆ ಇದೇ. ಆಮೇಲೆ ನಲವತ್ತು ಕಿಲೋ ಸೊಪ್ಪನ್ನು ಹಣೆಪಟ್ಟಿಗೆ ಕಟ್ಟಿ ಬೆನ್ನ ಮೇಲೆ ಹೊತ್ತು, ಜಾರುವ ಇಳಿಜಾರಿನಲ್ಲಿ ವ್ಯಾನಿನವರೆಗೆ ನಡೆಯಬೇಕು. ಆ ಸೊಪ್ಪು ಊರೂರಿನ ಹೂವಿನಂಗಡಿಗಳಿಗೆ ಹೋಗುತ್ತದೆ. ಮದುವೆಯ ಗುಚ್ಛದಲ್ಲಿ ಗುಲಾಬಿಯ ಹಿಂದೆ ನಿಲ್ಲುವ ಎಲೆ ಅದೇ. ಹೆಣದ ಪೆಟ್ಟಿಗೆಯ ಮೇಲೂ ಅದೇ.

ಗ್ವಾಟೆಮಾಲಾದ ಬೆಟ್ಟಗಳಿಂದ ಬಂದ ಮಾಮ್ ಜನ ಅಮೆರಿಕದ ಈ ವಾಯವ್ಯದ ಕಾಡುಗಳಲ್ಲಿ ಈ ಕೆಲಸ ಹಿಡಿದು ಇಪ್ಪತ್ತು ವರ್ಷವಾಯಿತು. ಕತಾಲ್ ಕಾಲ್ಮೊ ಬಂದು ಹದಿನಾಲ್ಕು ವರ್ಷ.

ಎರಡು ವಸಂತದ ಹಿಂದೆ ಒಂದು ಬೆಳಿಗ್ಗೆ ಎಲೆಗಳು ವಿಪರೀತ ಹೊಳೆಯುತ್ತಿದ್ದವು. ರಾತ್ರಿ ಮಳೆಯೇ ಬಂದಿರಲಿಲ್ಲ. ಸಿಹಿಯಾದ ಸೀಮೆಎಣ್ಣೆಯಂಥ ಒಂದು ವಾಸನೆ ಇತ್ತು. ಒಳ್ಳೆಯ ಎಲೆ ಎಂದು ಕತಾಲ್ ನಾಲ್ಕು ಗಂಟೆ ಕಿತ್ತಳು. ಆಗ ಅವಳಿಗೆ ಐದು ತಿಂಗಳು. ಮಧ್ಯಾಹ್ನದ ಹೊತ್ತಿಗೆ ನಾಲಗೆ ಬೆಳ್ಳಗಾಯಿತು. ಸಂಜೆ ತುಟಿ ಸುಲಿಯಿತು. ಮೂರನೆಯ ದಿನ ಮಗು ಹೋಯಿತು. ಗಂಡುಮಗು. ಬಚ್ಚಲುಮನೆಯ ನೆಲದ ಮೇಲೆ.

ಕಡಿದ ಕಾಡಿನಲ್ಲಿ ಹೊಸ ಸಸಿಗಳು ಏಳಲಿ ಎಂದು ಹೆಲಿಕಾಪ್ಟರಿನಿಂದ ಔಷಧಿ ಹೊಡೆಯುತ್ತಾರೆ. ಸಸಿಯನ್ನು ಬಿಟ್ಟು ಉಳಿದದ್ದೆಲ್ಲ ಸಾಯಲಿ ಎಂದು ಹೊಡೆಯುವುದಕ್ಕೆ ಔಷಧಿ ಎಂದು ಹೆಸರು. ಹೊಡೆದಿದ್ದೇವೆ ಎಂದು ಹಲಗೆಯನ್ನೂ ನೆಟ್ಟಿದ್ದರು. ಇಂಗ್ಲಿಷಿನಲ್ಲಿ. ಬೆಟ್ಟದ ಆಚೆ ಬದಿಯ ರಸ್ತೆಯಲ್ಲಿ.

"ಅದ್ರಿಂದ ಆಗಿರಬಹುದು, ಆಗಿಲ್ದೇನೂ ಇರಬಹುದು," ಎಂದು ಡಾಕ್ಟರು ಹೇಳಿದ್ದರು. ಕತಾಲ್ ಹನ್ನೆರಡನೆಯ ದಿನ ಮತ್ತೆ ಕಾಡಿಗೆ ಹೋದಳು. ಬ್ಯಾಂಡು ಹಲ್ಲಿಗೆ ಹೋಯಿತು.

ಹೋದ ವರ್ಷದ ಚಳಿಗಾಲದಲ್ಲಿ ಕರಿನ್ ಲಿಂಡ್‌ಕ್ವಿಸ್ಟ್ ಬಂದಳು. ಚರ್ಚಿನ ಹಿಂದಿನ ಹಾಲಿನಲ್ಲಿ ಸಭೆ ಕರೆದಳು. ರಾಜ್ಯದ ಇಲಾಖೆಯವಳು, ಜನರನ್ನು ಮಾತಾಡಿಸುವುದೇ ಅವಳ ಕೆಲಸ. ಎತ್ತರದ ಹೆಂಗಸು, ಉಣ್ಣೆಯ ಟೋಪಿ, ಕೆಂಪಗಾದ ಮೂಗು. ಎಲ್ಲರಿಗೂ ಕೈಕೊಟ್ಟಳು. ಕತಾಲ್ ಜೊತೆ ಸೊಪ್ಪು ಕೀಳುವ ಪೊರ್ಫಿರಿಯಾ ಮೆಕ್ಕೆಜೋಳದ ಹಿಟ್ಟನ್ನು ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸಿ ತಂದಿದ್ದ ತಮಾಲೆಗಳಲ್ಲಿ ಮೂರನ್ನು ತಿಂದಳು. ಬಾಳೆಯೆಲೆಯನ್ನೂ ನೆಕ್ಕಿದಳು.

"ಇವ್ಳಿಗೆ ಹೊಟ್ಟೆಗೆ ಹಾಕೋರಿಲ್ವೇನೋ ಪಾಪ," ಎಂದಳು ಪೊರ್ಫಿರಿಯಾ. ಎಲ್ಲರೂ ನಕ್ಕರು. ಏನೆಂದು ತಿಳಿಯದೆ ಕರಿನ್ ಕೂಡ ನಕ್ಕಳು. ಅವಳ ಬಗ್ಗೆ ಪ್ರೀತಿ ಹುಟ್ಟಿದ್ದು ಹಾಗೆ.

ಕರಿನ್ ಹೇಳಿದ್ದನ್ನು ಕತಾಲ್‌ಳ ಅಕ್ಕನ ಮಗಳು ಒತಿಲಿಯಾ ಮಾಮ್ ಭಾಷೆಗೆ ತಂದಳು. ಇಪ್ಪತ್ತು ದಾಟದ ಹುಡುಗಿ, ಇಲ್ಲಿಯೇ ಶಾಲೆ ಓದಿದವಳು.

"ಔಷಧಿ ಹೊಡೆಯೋ ನಿಯಮನ ಇಲಾಖೆ ಹೊಸದಾಗಿ ಬರೀತಿದೆಯಂತೆ. ಬರೆಯೋಕ್ ಮುಂಚೆ ಜನರನ್ನ ಕೇಳಲೇಬೇಕಂತೆ. ಅದು ಕಾನೂನಂತೆ. ಈ ದೇಶದಲ್ಲಿ ಇರಕ್ಕೆ ಕಾಗದ ಇರೋರು ಇಲ್ದೋರು ಅಂತಿಲ್ಲ, ಯಾರ್ ಬೇಕಾದ್ರೂ ಮಾತಾಡಬಹುದಂತೆ. ಹೇಳಿದ ಒಂದೊಂದು ಮಾತನ್ನೂ ಓದ್ತಾರಂತೆ. ಉತ್ರ ಬರೀತಾರಂತೆ."

"ಉತ್ರ ಬರೀತಾರಾ? ನಮಗಾ?" ಎಂದರು ತಾತ್ ಕೊಲಾಸ್. ಅಲ್ಲಿದ್ದವರಲ್ಲೆಲ್ಲ ಹಿರಿಯರು ಅವರು. ತಾತ್ ಎಂದರೆ ಅವರಲ್ಲಿಯೂ ದೊಡ್ಡವರನ್ನು ಕರೆಯುವ ಮಾತೇ.

"ಬರೀಲೇಬೇಕಂತೆ, ತಾತ್."

ತಾತ್ ಕೊಲಾಸ್ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಆ ಪ್ರಶ್ನೆ ಕತಾಲ್‌ಗೆ ಇಂದಿಗೂ ನೆನಪಿದೆ.

"ನಾವು ಎಲ್ಲಾರೂ ಸೇರ್ಕೊಂಡು ಒಂದು ಮಾತಿಗೆ ಬಂದು ಅದನ್ನೇ ಹೇಳ್ತೀವಿ. ಹಂಗೆ ಹೇಳಿದ್ರೆ ಆಗತ್ತಾ, ಕೇಳು ಅವಳನ್ನ."

ಕರಿನ್ ಎಲೆಯನ್ನು ಮಡಿಸಿ ತಟ್ಟೆಯಲ್ಲಿಟ್ಟಳು. ಆಮೇಲೆ ನಗುತ್ತ ಹೇಳಿದಳು: "ನಿಮಗೆ ಹೇಗೆ ಸರಿ ಅನ್ಸತ್ತೋ ಹಾಗೆ."

ಮಾಮ್ ಊರುಗಳಲ್ಲಿ ಜಗಳ ಬಂದರೆ ಹೀಗೆ ಮಾಡುತ್ತಾರೆ. ಮೊದಲು ಎಲ್ಲರೂ ಕೂತು ಕಿತ್ತಾಡುತ್ತಾರೆ. ದಿನಗಟ್ಟಲೆ. ಕೊನೆಗೆ ಒಂದು ಮಾತು ಉಳಿಯುತ್ತದೆ. ಹಿರಿಯರು ಅದನ್ನು ಗಟ್ಟಿಯಾಗಿ ಹೇಳುತ್ತಾರೆ. ಅಲ್ಲಿಂದ ಮುಂದೆ ಆ ಮಾತನ್ನು ಯಾರೂ ಬದಲಿಸುವ ಹಾಗಿಲ್ಲ. ಒಂದು ಪದ ಸೇರಿಸಿದರೂ ಉಳಿದವರ ಮುಖಕ್ಕೆ ಉಗಿದ ಹಾಗೆ. ನಲವತ್ತು ಬಾಯಿ ಒಂದೇ ಮಾತು ಹೇಳಿದರೆ ಆ ಮಾತಿನ ತೂಕ ನಲವತ್ತು. ಊರಿನ ಹೊಲದ ಗಡಿಯನ್ನು ಅವರು ಉಳಿಸಿಕೊಂಡದ್ದು ಹೀಗೆ.

ಆರು ಭಾನುವಾರ ಕಿತ್ತಾಡಿದರು. ಒಬ್ಬನಿಗೆ ಔಷಧಿ ಹೊಡೆಯುವ ಹಿಂದಿನ ದಿನವೇ ಫೋನು ಬರಬೇಕಿತ್ತು. ಪೊರ್ಫಿರಿಯಾಗೆ ಹಲಗೆಯ ಮೇಲೆ ತಲೆಬುರುಡೆಯ ಚಿತ್ರ ಬೇಕಿತ್ತು. "ಓದಕ್ಕೆ ಬರ್ದೇ ಇರೋರ್ಗೂ ಬುರುಡೆ ಗೊತ್ತಾಗತ್ತೆ. ಎಲ್ರ ಹತ್ರಾನೂ ಒಂದೊಂದಿದೆಯಲ್ಲ." ಕೊನೆಗೆ ಉಳಿದ ಮಾತು ಇಷ್ಟು: ಔಷಧಿ ಹೊಡೆಯುವ ಮುಂಚೆ, ಕಾಡಿಗೆ ಹೋಗುವ ಪ್ರತಿಯೊಂದು ದಾರಿಯ ಬಾಯಿಯಲ್ಲೂ ಮರಕ್ಕೆ ಕೆಂಪು ಪಟ್ಟಿ ಕಟ್ಟಿ, ಏಳು ದಿನ ಬಿಡಿ.

ಐದನೆಯ ಭಾನುವಾರ ಕತಾಲ್ ಎದ್ದು ನಿಂತಿದ್ದಳು. "ನನ್ನ ಮಗೂದು ಹೇಳ್ತೀನಿ," ಎಂದಿದ್ದಳು. ಅವಳ ಗಂಡ ಸಾಂತೋಸ್ ನೆಲ ನೋಡಿದ.

ತಾತ್ ಕೊಲಾಸ್ ಬಯ್ಯಲಿಲ್ಲ. "ನಿನ್ನ ನೋವು ಸಣ್ಣದಲ್ಲಮ್ಮಾ. ಆದ್ರೆ ನೀನು ನಿಂದು ನಡುವೆ ಇಟ್ರೆ, ಚಿಕ್ಕ ನೋವು ಇರೋರು ಬಾಯಿ ಮುಚ್ಕೋತಾರೆ. ಮಾತು ಎಲ್ಲಾರ್ದೂ ಆಗಬೇಕು. ನುಂಗ್ಕೊ."

ಅವಳು ನುಂಗಿಕೊಂಡಳು.

ಮಾರ್ಚ್ ತಿಂಗಳ ಅಹವಾಲು ಸಭೆ ಜಿಲ್ಲೆಯ ಜಾತ್ರೆ ಮೈದಾನದ ತಗಡಿನ ಹಾಲಿನಲ್ಲಿ ನಡೆಯಿತು. ಬೇಸಿಗೆಯಲ್ಲಿ ಅಲ್ಲಿ ಹಂದಿಗಳ ಪ್ರದರ್ಶನ ಇಡುತ್ತಾರೆ. ನಲವತ್ತಮೂರು ಜನ ಒಂದು ದಿನದ ಕೂಲಿ ಬಿಟ್ಟು ಬಂದರು. ಹೆಂಗಸರು ನೇಯ್ದ ಹುಯಿಪಿಲ್ ರವಿಕೆ ತೊಟ್ಟಿದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ. ಮೈಕಿನ ಪಕ್ಕ ಒಂದು ಪುಟ್ಟ ದೀಪ. ಹಸಿರು, ಹಳದಿ, ಕೆಂಪು.

ಮೊದಲು ಮರದ ಕಂಪನಿಗಳ ಕಡೆಯವರು ಮಾತಾಡಿದರು. ಒಂಬತ್ತು ಜನ. ಒಬ್ಬ ಹಲಗೆ ನೆಡುವ ಖರ್ಚಿನ ಬಗ್ಗೆ ಹೇಳಿದ. ಇನ್ನೊಬ್ಬ ಗಾಳಿಯ ವೇಗದ ಬಗ್ಗೆ ಹೇಳಿದ. ಮತ್ತೊಬ್ಬ ತನ್ನ ಅಜ್ಜ ನೆಟ್ಟ ಮರದ ಬಗ್ಗೆ ಹೇಳಿ ಕಣ್ಣೊರೆಸಿಕೊಂಡ. ಒಬ್ಬನ ಮಾತು ಇನ್ನೊಬ್ಬನ ಹಾಗೆ ಇರಲಿಲ್ಲ.

"ಒಂಬತ್ತೇ ಜನ ಇದಾರೆ, ಒಂದು ಮಾತಿಗೆ ಬರಕ್ಕಾಗಿಲ್ಲ ಇವರ ಕೈಲಿ," ಎಂದು ಪೊರ್ಫಿರಿಯಾ ಕತಾಲ್‌ಳ ಕಿವಿಯಲ್ಲಿ ಪಿಸುಗುಟ್ಟಿದಳು. "ಯಾರು ಕೇಳ್ತಾರೆ ಇವರ್ದ?"

ಕತಾಲ್‌ಗೂ ಪಾಪ ಅನ್ನಿಸಿತ್ತು.

ಆಮೇಲೆ ತಾತ್ ಕೊಲಾಸ್ ಎದ್ದರು. ಮಾತು ಹೇಳಿದರು. ಹನ್ನೊಂದು ಸೆಕೆಂಡು. ಒತಿಲಿಯಾ ಅದನ್ನು ಇಂಗ್ಲಿಷಿಗೆ ತಂದಳು. ಎರಡನೆಯವನು ಎದ್ದ. ಅದೇ ಮಾತು. ಮೂರನೆಯವಳು. ಅದೇ ಮಾತು. ಹತ್ತನೆಯವರು ಮುಗಿಸಿದಾಗ, ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ತುಂಬ ಮರ್ಯಾದೆಯಿಂದ ಕೈ ಎತ್ತಿದ. ಅದೇ ಮಾತಾದರೆ ಮತ್ತೆ ಮತ್ತೆ ಅನುವಾದ ಬೇಕಾಗಿಲ್ಲ, ದಾಖಲಾಗಿದೆ ಎಂದ. ಒತಿಲಿಯಾ ಕೂತಳು. ಅಲ್ಲಿಂದ ಮುಂದೆ ಮೂವತ್ತಮೂರು ಜನ ಮಾಮ್‌ನಲ್ಲಿ ಹೇಳಿದರು. ಮೇಜಿನ ಹಿಂದಿನವರು ತಲೆಯಾಡಿಸಿದರು.

ಕತಾಲ್ ಮೂವತ್ತೊಂದನೆಯವಳು. ಮೈಕು ಅವಳಿಗಿಂತ ಎತ್ತರಕ್ಕಿತ್ತು. ದೀಪ ಹಸಿರಾಯಿತು. ಕೆಂಪು ಪಟ್ಟಿ ಕಟ್ಟಿ, ಏಳು ದಿನ ಬಿಡಿ ಎಂದಳು. ದೀಪ ಇನ್ನೂ ಹಸಿರಾಗಿಯೇ ಇತ್ತು. ಇನ್ನೂ ಎರಡೂಮುಕ್ಕಾಲು ನಿಮಿಷ ಅವಳದೇ. ಬೇರೆ ಮಾತು ನಾಲಗೆಯ ತುದಿಗೆ ಬಂತು. ಬಚ್ಚಲು. ನೆಲ. ಗಂಡು. ಹಿಂದೆ ತಾತ್ ಕೊಲಾಸ್ ಕೂತಿದ್ದಾರೆ. ಅವಳು ಮೈಕು ಬಿಟ್ಟು ಬಂದಳು. ಹಸಿರು ದೀಪ ಖಾಲಿ ಜಾಗಕ್ಕೆ ಉರಿಯಿತು.

ಬಾಗಿಲ ಬಳಿ ಕರಿನ್ ನಿಂತಿದ್ದಳು. ಎದೆಯ ಮೇಲೆ ಕೈ ಇಟ್ಟುಕೊಂಡು, "ತುಂಬಾ ಚೆನ್ನಾಗಿತ್ತು," ಎಂದಳು.

ಸೆಪ್ಟೆಂಬರಿನಲ್ಲಿ ಉತ್ತರ ಬಂತು. ನೂರ ಹದಿನೆಂಟು ಪುಟ. ಒತಿಲಿಯಾ ಅದನ್ನು ಲೈಬ್ರರಿಯಲ್ಲಿ ಮುದ್ರಿಸಿ ತಂದು ಕತಾಲ್‌ಳ ಅಡುಗೆಮನೆಯ ಮೇಜಿನ ಮೇಲಿಟ್ಟಳು. ತಾತ್ ಕೊಲಾಸ್, ಪೊರ್ಫಿರಿಯಾ, ಸಾಂತೋಸ್, ಇನ್ನೂ ಏಳೆಂಟು ಜನ ಒಲೆಯ ಸುತ್ತ ನಿಂತಿದ್ದರು.

ಗಾಳಿಯ ವೇಗದವನಿಗೆ ಎರಡು ಪುಟದ ಉತ್ತರ. ಖರ್ಚಿನವನಿಗೆ ನಾಲ್ಕು ಪುಟ, ಲೆಕ್ಕದ ಪಟ್ಟಿಯ ಸಮೇತ. ಅಜ್ಜನ ಮರದವನಿಗೂ ಅರ್ಧ ಪುಟ. ಒಂಬತ್ತು ಜನಕ್ಕೆ ಒಂಬತ್ತು ಹೆಸರು, ಒಂಬತ್ತು ಉತ್ತರ.

"ನಮ್ದು?" ಎಂದರು ತಾತ್ ಕೊಲಾಸ್.

ಒತಿಲಿಯಾ ಹಾಳೆ ತಿರುವಿದಳು. ಇನ್ನೊಮ್ಮೆ ತಿರುವಿದಳು. ಬೆರಳಿಟ್ಟಳು. ಓದುವಾಗ ಅವಳ ದನಿ ಶಾಲೆಯ ಹುಡುಗಿಯ ದನಿಯಾಯಿತು.

"ಅಭಿಪ್ರಾಯ ಅರವತ್ತೊಂದು. ಸೊಪ್ಪು ಕೀಳೋರಿಂದ. ಒಂದೇ ಥರದ ಅಭಿಪ್ರಾಯಗಳು ಬಂದಿರೋದ್ರಿಂದ ಎಲ್ಲಾನೂ ಸೇರಿಸಿ ಒಂದು ಅಭಿಪ್ರಾಯ ಅಂತ ತಗೊಂಡಿದೀವಿ. ಉತ್ರ: ಈಗಿರೋ ಹಲಗೆ ಸಾಕು. ಈಗಿನ ಪದ್ಧತಿಯಿಂದ ಯಾರಿಗಾದ್ರೂ ತೊಂದ್ರೆ ಆಗಿದೆ ಅನ್ನೋದಕ್ಕೆ ನಿರ್ದಿಷ್ಟವಾದ ಒಂದೂ ಉದಾಹರಣೆಯನ್ನ ಯಾರೂ ಕೊಟ್ಟಿಲ್ಲ. ಬದಲಾವಣೆ ಇಲ್ಲ."



"ಇನ್ನೊಂದ್ಸಲ ಓದು," ಎಂದಳು ಕತಾಲ್.

"ಚಿಕ್ಕಮ್ಮಾ..."

"ಉದಾಹರಣೆ ಅಂದ್ಯಲ್ಲ, ಅದನ್ನ ಓದು."

"ಒಂದೂ ಉದಾಹರಣೆಯನ್ನ ಯಾರೂ ಕೊಟ್ಟಿಲ್ಲ."

ಕತಾಲ್ ಒಲೆ ಆರಿಸಿದಳು. ಕಾಳು ಕುದಿಯುವುದು ನಿಂತಿತು. ಉದಾಹರಣೆ ಇತ್ತು. ಅದಕ್ಕೆ ಹತ್ತು ಬೆರಳಿದ್ದವು. ಅವಳು ಎಣಿಸಿದ್ದಳು.

"ನಲವತ್ತಮೂರು ಜನ ಸಾರ್ ನಾವು," ಎಂದ ಸಾಂತೋಸ್, ಎದುರಿಗೆ ಅಧಿಕಾರಿ ಕೂತಿದ್ದಾನೆ ಎನ್ನುವ ಹಾಗೆ. "ನಲವತ್ತಮೂರು."

"ಅಲ್ಲಪ್ಪಾ. ಒಂದು," ಎಂದಳು ಪೊರ್ಫಿರಿಯಾ. "ಅದೂ ಅರವತ್ತೊಂದನೇದು."

ತಾತ್ ಕೊಲಾಸ್ ಕುರ್ಚಿ ಎಳೆದುಕೊಂಡು ಕೂತರು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವರು ಆ ಮಾತನ್ನು ಹೇಳಿದ್ದು ಊರಿನ ಗಡಿಯನ್ನು ಉಳಿಸಿದ ಬಾಯಿಂದ. ಅದೇ ಬಾಯಿ ಇಲ್ಲಿ ನಲವತ್ತೆರಡು ಜನರನ್ನು ಅಳಿಸಿತ್ತು.

ಒತಿಲಿಯಾ ಕೊನೆಯ ಪುಟ ಓದುತ್ತಿದ್ದಳು. "ಇಲ್ಲೊಂದಿದೆ. ನಿಯಮ ಮಾಡಿ, ಬದಲಾಯ್ಸಿ, ತೆಗೀರಿ ಅಂತ ಯಾರ್ ಬೇಕಾದ್ರೂ ಅರ್ಜಿ ಹಾಕಬಹುದಂತೆ. ಅರವತ್ತು ದಿನದೊಳಗೆ ಇಲಾಖೆ ಬರವಣಿಗೇಲಿ ಉತ್ರ ಕೊಡಬೇಕಂತೆ. ಇದನ್ನ ನಮಗೆ ಹೇಳೇ ಇಲ್ಲ ಆ ಕರಿನ್."

ತಾತ್ ಕೊಲಾಸ್ ತಲೆ ಎತ್ತಿದರು. "ಹಂಗಾದ್ರೆ ಭಾನುವಾರ ಸೇರೋಣ. ಮಾತಿಗೆ ಬರೋಣ."

"ಬೇಡ," ಎಂದಳು ಕತಾಲ್.

ಹದಿನಾಲ್ಕು ವರ್ಷದಲ್ಲಿ ಅವರೆದುರು ಯಾರೂ ಆ ಪದ ಹೇಳಿರಲಿಲ್ಲ. ಸಾಂತೋಸ್ ಅವಳ ತೋಳು ಮುಟ್ಟಿದ. ಅವಳು ಕೊಡವಿದಳು.

"ಬೇಡ ತಾತ್. ಈ ಸಲ ಒಂದು ಮಾತು ಬೇಡ. ನಿಮ್ಮಾತು ಕೇಳಿ ನನ್ನ ಮಗೂನ ಎರಡನೇ ಸಲ ನುಂಗಿದೀನಿ. ಯಾರೂ ಕೊಟ್ಟಿಲ್ಲ ಅಂತ ಬರ್ಕೊಂಡಿದಾರೆ. ನಾನು ಕೊಡ್ತೀನಿ ಈಗ. ಒತಿಲಿಯಾ, ಬರ್ಕೊ."

"ಎಲ್ಲಾರ ಮುಂದೆ ಬೇಡ ಕಣೆ," ಎಂದ ಸಾಂತೋಸ್.

"ಎಲ್ಲಾರ ಮುಂದೇನೇ."

ಅವಳು ನಿಂತುಕೊಂಡೇ ಹೇಳಿದಳು. ಯಾವ ದಿನ, ಯಾವ ಬೆಟ್ಟ, ಎಷ್ಟು ಗಂಟೆ. ಎಲೆಯ ಹೊಳಪು, ವಾಸನೆ. ಎಷ್ಟು ಬ್ಯಾಂಡು ಬಾಯಲ್ಲಿತ್ತು. ನಾಲಗೆಯ ಚರ್ಮ ರೊಟ್ಟಿಯ ಜೊತೆ ಹೇಗೆ ಬಂತು. ಬಚ್ಚಲಿನ ನೆಲದ ಟೈಲು ಯಾವ ಬಣ್ಣದ್ದು. ಮಗುವನ್ನು ಯಾವ ಬಟ್ಟೆಯಲ್ಲಿ ಸುತ್ತಿದಳು. ಒತಿಲಿಯಾ ಒಂದು ಕಡೆ ಪೆನ್ನು ನಿಲ್ಲಿಸಿದಳು. "ಬರಿ," ಎಂದಳು ಕತಾಲ್. ಒತಿಲಿಯಾ ಬರೆದಳು.

ಮುಗಿದ ಮೇಲೆ ಪೊರ್ಫಿರಿಯಾ ಮುಂದೆ ಬಂದಳು. ತಮಾಷೆ ಮಾಡಲಿಲ್ಲ. ತನ್ನ ಕೈಯ ಬೆರಳುಗಳನ್ನು ಮೇಜಿನ ಮೇಲೆ ಹರಡಿದಳು. ಮೂರು ಉಗುರು ಇರಲಿಲ್ಲ. ಎಲ್ಲರೂ ದಿನಾ ನೋಡುತ್ತಿದ್ದ ಕೈ ಅದು. ಯಾರೂ ಕೇಳಿರಲಿಲ್ಲ. "ನಂದೂ ಬರ್ಕೊ. ನನಗೆ ಬುರುಡೇನೇ ಬೇಕು. ಆವತ್ತೂ ಬುರುಡೇನೇ ಬೇಕಿತ್ತು."

ಒಬ್ಬೊಬ್ಬರದೂ ಬೇರೆ ಬೇರೆ ಇತ್ತು. ಒಬ್ಬನಿಗೆ ಉಸಿರು ಕಟ್ಟುತ್ತಿತ್ತು. ಒಬ್ಬಳ ನಾಯಿ ಸತ್ತಿತ್ತು. ಒಬ್ಬ ತನಗೇನೂ ಆಗಿಲ್ಲ, ಆದರೆ ಭಯವಾಗುತ್ತದೆ ಎಂದ. "ಅದನ್ನೂ ಬರಿ," ಎಂದಳು ಕತಾಲ್.

ತಾತ್ ಕೊಲಾಸ್ ಕೊನೆಯವರೆಗೂ ಕೂತಿದ್ದರು. ಅವರು ಎದ್ದು ಹೋಗುತ್ತಾರೆ ಎಂದು ಎಲ್ಲರೂ ಕಾದರು. ಅವರು ಕೆಮ್ಮಿದರು.

"ನನಗೆ ಕೆಂಪು ಕಾಣ್ಸಲ್ಲ," ಎಂದರು.

"ಏನು ತಾತ್?"

"ಹುಟ್ಟಿದಾಗಿಂದ. ಹಸಿರೊಳಗೆ ಕೆಂಪು ಇಟ್ರೆ ನನಗೆ ಎರಡೂ ಒಂದೇ. ಹಳದಿ ಅಂತ ಹೇಳಬೇಕು ಅಂತಿದ್ದೆ. ಎಲ್ಲಾರೂ ಕೆಂಪು ಅಂದ್ರಿ. ನಾನೂ ನುಂಗಿದೆ."

ಪೊರ್ಫಿರಿಯಾ ಬಾಯಿ ಮುಚ್ಚಿಕೊಂಡಳು. ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ.

"ಹಳದಿ ಅಂತ ಬರ್ಕೊಮ್ಮಾ," ಎಂದರು ತಾತ್ ಕೊಲಾಸ್.

ಆ ದಿನ ಅಲ್ಲಿಲ್ಲದವರದನ್ನೂ ಒತಿಲಿಯಾ ಬರೆದುಕೊಂಡಳು, ನಲವತ್ತಮೂರು ಜನಕ್ಕೆ ನಲವತ್ತಮೂರು ಅರ್ಜಿ. ರಾಜಧಾನಿಗೆ ವ್ಯಾನಿನಲ್ಲಿ ಎರಡು ಗಂಟೆಯ ದಾರಿ. ಇಪ್ಪತ್ತಾರು ಜನ ಹೋದರು. ಉಳಿದವರು ಕೂಲಿ ಬಿಡಲಾಗದೆ ಕಾಗದ ಕೊಟ್ಟು ಕಳಿಸಿದರು. ಇಲಾಖೆಯ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಒಂದು ಕಿಟಕಿ. ಒಳಗೆ ಕನ್ನಡಕದ ಗುಮಾಸ್ತ. ಅವನು ಲಕೋಟೆಗಳ ಗುಡ್ಡವನ್ನು ನೋಡಿದ. ಹೊರಗಿನ ಸಾಲನ್ನು ನೋಡಿದ.

"ಎಲ್ಲಾ ಒಂದೇ ವಿಷ್ಯಾನಾ?" ಎಂದು ಕೇಳಿದ. "ಹಾಗಿದ್ರೆ ಸೇರಿಸಿ ಒಂದು ಸ್ವೀಕೃತಿ ಕೊಡ್ತೀನಿ. ನಿಮಗೂ ಬೇಗ ಆಗತ್ತೆ."

ಒತಿಲಿಯಾ ಮಾಮ್‌ಗೆ ತರುವ ಮೊದಲೇ ಕತಾಲ್‌ಗೆ ಅರ್ಥವಾಯಿತು. ಅವಳು ಗುಡ್ಡದ ಮೇಲೆ ಕೈ ಇಟ್ಟಳು. ಬಿರುಕು ಬಿಟ್ಟ, ಕಪ್ಪು ಹಿಡಿದ ಕೈ. ಗುಮಾಸ್ತನ ಬೆರಳುಗಳು ಹಿಂದೆ ಸರಿದವು.

"ನಲವತ್ತಮೂರು," ಎಂದಳು ಇಂಗ್ಲಿಷಿನಲ್ಲಿ. ಮೇಲಿನ ಒಂದು ಲಕೋಟೆ ತೆಗೆದು ಕಿಟಕಿಯೊಳಗೆ ತಳ್ಳಿದಳು. "ಕತಾಲ್ ಕಾಲ್ಮೊ. ಒಂದು."

ಗುಮಾಸ್ತ ನಿಟ್ಟುಸಿರಿಟ್ಟು ಮುದ್ರೆ ಒತ್ತಿದ. ದಿನಾಂಕ, ಸಂಖ್ಯೆ. ಚೀಟಿ ಹರಿದು ಕೊಟ್ಟ. ಪೊರ್ಫಿರಿಯಾ ತನ್ನ ಹೆಸರು ಹೇಳಿದಳು. ಎರಡು. ತಾತ್ ಕೊಲಾಸ್ ಟೋಪಿ ತೆಗೆದು ಪೂರ್ತಿ ಹೆಸರು ಹೇಳಿದರು. ತಂದೆಯ ಹೆಸರನ್ನೂ ಹೇಳಿದರು. ಮೂರು.

ಆಗ ಒಳಬಾಗಿಲಿನಿಂದ ಕರಿನ್ ಬಂದಳು. ಯಾರೋ ಸುದ್ದಿ ಹೇಳಿರಬೇಕು. ಮುಖ ಅರಳಿತ್ತು. "ಕತಾಲ್! ನೀವು ಮತ್ತೆ ಬಂದದ್ದು ಎಷ್ಟು ಖುಷಿ!" ಕೈ ಚಾಚಿದಳು. ಕತಾಲ್ ಆ ಕೈಯನ್ನು ನೋಡಿದಳು. ಅದು ಸ್ವಲ್ಪ ಹೊತ್ತು ಗಾಳಿಯಲ್ಲಿದ್ದು ಕೆಳಗಿಳಿಯಿತು.

ಇಲಾಖೆ ಒಂದು ಸಲಹಾ ಸಮಿತಿ ಮಾಡುತ್ತಿದೆ ಎಂದಳು ಕರಿನ್. ಸೊಪ್ಪಿನವರಿಗೂ ಅದರಲ್ಲಿ ಜಾಗವಿದೆ. ಒಬ್ಬರನ್ನು ಆರಿಸಿ ಕಳಿಸಿ. ಕತಾಲ್ ಆದರೆ ತುಂಬ ಒಳ್ಳೆಯದು.

"ಒಬ್ಬರನ್ನ," ಎಂದಳು ಕತಾಲ್. "ಮತ್ತೆ ಒಬ್ಬರನ್ನ." ಆಮೇಲೆ ಒತಿಲಿಯಾಳಿಗೆ ಹೇಳಿದಳು: "ಕೇಳು ಇವಳನ್ನ. ಒಂದೇ ಮಾತು ಹೇಳಿದ್ರೆ ಒಂದು ಅಂತ ಎಣಿಸ್ತಾರೆ ಅನ್ನೋದು ಆವತ್ತು ಇವಳಿಗೆ ಗೊತ್ತಿತ್ತಾ? ನಮ್ಮ ತಮಾಲೆ ತಿನ್ನೋವಾಗ?"

ಕರಿನ್‌ಳ ಮೂಗು ಕೆಂಪಾಯಿತು. ಗೊತ್ತಿತ್ತು ಎಂದಳು. ಆದರೆ ಯಾರು ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ನಾವು ಕಲಿಸುವ ಹಾಗಿಲ್ಲ. ನಾವು ತಟಸ್ಥರಾಗಿ ಇರಬೇಕು.

ಒತಿಲಿಯಾ ಬಾಯಿ ತೆರೆದಳು. ಮುಚ್ಚಿದಳು. ತಟಸ್ಥ ಎನ್ನುವ ಪದಕ್ಕೆ ಅವಳಿಗೆ ಮಾಮ್‌ನಲ್ಲಿ ಏನೂ ಸಿಗಲಿಲ್ಲ. ಸಾಲಿನಲ್ಲಿದ್ದವರೆಲ್ಲ ಕಾಯುತ್ತಿದ್ದರು.

"ಗೊತ್ತಿತ್ತಂತೆ ಚಿಕ್ಕಮ್ಮಾ," ಎಂದಳು. "ಸುಮ್ಮನೆ ನಿಂತು ನೋಡೋದು ಇವಳ ಕೆಲಸವಂತೆ."

ತಾತ್ ಕೊಲಾಸ್ ಟೋಪಿ ಹಾಕಿಕೊಂಡರು. ಗುಮಾಸ್ತ ಗಡಿಯಾರ ನೋಡಿ, ಹನ್ನೆರಡಕ್ಕೆ ಕಿಟಕಿ ಮುಚ್ಚುತ್ತದೆ ಎಂದ. ಹನ್ನೊಂದೂಮುಕ್ಕಾಲಾಗಿತ್ತು. ಕರಿನ್ ಇನ್ನೂ ಅಲ್ಲೇ ಇದ್ದಳು. ಕಣ್ಣಲ್ಲಿ ನೀರು ಬಂದಿತ್ತು. ನಾನು ಒಳಗೆ ಹೋಗಿ ನಿಮ್ಮ ಪರವಾಗಿ ಮಾತಾಡಲೇ ಎಂದು ಕೇಳಿದಳು.

"ಬೇಡ," ಎಂದಳು ಕತಾಲ್. "ನೀನು ನಿಂತು ನೋಡು."

ಅವಳು ಕಿಟಕಿಯ ಕಟ್ಟೆಯ ಮೇಲೆ ಮೊಣಕೈ ಊರಿ ನಿಂತಳು, ಅದನ್ನು ಮುಚ್ಚಲಾಗದ ಹಾಗೆ. ನಾಲ್ಕನೆಯ ಲಕೋಟೆಯನ್ನು ಒಳಗೆ ತಳ್ಳಿದಳು. ಸಾಲಿನಲ್ಲಿದ್ದ ಹೆಂಗಸು ಮುಂದೆ ಬಂದು ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದಳು.